ಬೀಗ ಬಿದ್ದ ದನಿ

“ಇದರೊಳಗೆ ನಮ್ಮಮ್ಮನ ದನಿ ಇದೆ... ಹೇಗಾದ್ರೂ ತೆಗೆದುಕೊಡಿ.”

ಎದೆಗವಚಿ ತಂದ ಕಂಪ್ಯೂಟರನ್ನು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟು ಅವಳು ಹೇಳಿದಳು. ಅತ್ತು ಕೆಂಪಾದ ಆ ಕಣ್ಣುಗಳನ್ನು ನೋಡಿದ ರಿಪೇರಿಯವನಿಗೆ, ಕೈಯಲ್ಲಿದ್ದ ಸ್ಕ್ರೂ ಎಲ್ಲಿಟ್ಟೆನೆಂಬುದೇ ಮರೆತುಹೋಯಿತು.

ಅವಳು ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವವಳು. ಊರವರ ತಪ್ಪನ್ನೆಲ್ಲ ಹಿಡಿಯುವ ಕಣ್ಣಿಗೆ, ಪ್ರೆಸ್ಸಿನ ಹೆಸರಲ್ಲಿ ಬಂದ ಕಳ್ಳ ಮೇಲ್ ಮಾತ್ರ ಕಾಣಲಿಲ್ಲ. ಕರಡು ಕಳಿಸಿದ್ದೇವೆ ಎಂದಿತ್ತು. ಒತ್ತಿದಳು. ಅಷ್ಟೇ... ಎಲ್ಲ ಫೈಲಿಗೂ ಬೀಗ ಬಿತ್ತು. ಬೇಕಿದ್ದರೆ ಹಣ ಕೊಡು ಎಂಬ ಬೆದರಿಕೆ ಪರದೆ ತುಂಬ ನಿಂತಿತು.

ಆಂಟಿವೈರಸ್ಸಿನ ಅವಧಿ ಮುಗಿದು ಏಳು ತಿಂಗಳಾಗಿತ್ತು. ಅದು ದಿನಾ ಪರದೆಯ ಮೂಲೆಯಲ್ಲಿ ಇಣುಕಿ ಅಂಗಲಾಚುತ್ತಿತ್ತು. ಇವಳು ದಿನಾ ‘ಆಮೇಲೆ’ ಒತ್ತಿ ಸಾಗಹಾಕುತ್ತಿದ್ದಳು.

ಬೇರೆ ಕಡೆ ಕಾಪಿ ಇದೆಯೇ ಎಂದು ಅವನು ಕೇಳಿದ. ಅವಳು ಕೊನೆಯ ಆಸೆಯೆಂಬಂತೆ ಚೀಲದಿಂದ ಪುಟ್ಟ ಡಿಸ್ಕ್ ತೆಗೆದಳು.

“ಕಳೆದುಹೋಗಬಾರದು ಅಂತ ಎರಡು ವರ್ಷದಿಂದ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದೆ. ಒಂದು ದಿನಾನೂ ತೆಗೆದಿಲ್ಲ.”

ಅವನು ಪರೀಕ್ಷಿಸಿ ತಲೆ ತಗ್ಗಿಸಿದ. “ಚುಚ್ಚಿಟ್ಟಿದ್ದಕ್ಕೇ ಇದಕ್ಕೂ ಬೀಗ ಬಿದ್ದಿದೆ. ಕಾಪಿ ಆದ ತಕ್ಷಣ ತೆಗೆದಿಡಬೇಕಿತ್ತು.”

ಅಯ್ಯೋ, ನನ್ನ ಜೋಪಾನವೇ ಎಲ್ಲವನ್ನೂ ನುಂಗಿತಲ್ಲ... ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

ಅಮ್ಮ ಬದುಕಿದ್ದಾಳೆ. ಆದರೆ ಗಂಟಲಿನ ಆಪರೇಷನ್ನಿನಲ್ಲಿ ಅವಳ ದನಿ ಹೋಗಿತ್ತು. ಅದಕ್ಕೂ ಮುಂಚೆ ಮಗಳು ಅವಳ ಹರಟೆ, ಬೈಗುಳ, ಚಿಕ್ಕಪ್ಪನ ಗೊರಕೆಯ ಅಣಕ, ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟಿದ್ದಳು. ಹೋದಲ್ಲೆಲ್ಲ ಎಲ್ಲರನ್ನೂ ನಗಿಸುತ್ತಿದ್ದ ಅಮ್ಮ ಈಗ ಸ್ಲೇಟು ಹಿಡಿದು ಓಡಾಡುತ್ತಾಳೆ.

ಪ್ರಯತ್ನಿಸಿ ನೋಡುತ್ತೇನೆ ಎಂದು ಅವನು ಕಂಪ್ಯೂಟರ್ ಇಟ್ಟುಕೊಂಡ. ಎರಡು ವಾರ ಅವಳು ದಿನವೂ ಅಂಗಡಿಗೆ ಬಂದಳು. ಅಮ್ಮ ಅತ್ತಿಗೆಯನ್ನು ಅಣಕಿಸುತ್ತಿದ್ದ ಬಗೆ ಹೇಳುವಾಗ ಅವನು ನಗುತ್ತಿದ್ದ. ಅವಳು ಅಳುವಾಗ ಸುಮ್ಮನೆ ನೀರಿನ ಲೋಟ ಸರಿಸುತ್ತಿದ್ದ. ಇವನು ಇದ್ದರೆ ದುಃಖಕ್ಕೂ ಕೂರಲು ಜಾಗ ಸಿಗುತ್ತದೆ ಎನಿಸತೊಡಗಿತ್ತು ಅವಳಿಗೆ.

ಮೂರನೇ ವಾರ ಬಂದಾಗ ಪರದೆ ಶುಭ್ರವಾಗಿತ್ತು. ಒಂದು ಫೈಲೂ ಇರಲಿಲ್ಲ.

“ವೈರಸ್ ಉಳಿಯಬಾರದಲ್ಲ, ಪೂರ್ತಿ ಅಳಿಸಿ ಹೊಸದಾಗಿ...”

“ಅಮ್ಮನನ್ನ ಅಳಿಸಿಬಿಟ್ರಾ?”

ಮುಂದಿನ ಮಾತು ಅವಳು ಕೇಳಲಿಲ್ಲ. ಕಂಪ್ಯೂಟರ್ ಎತ್ತಿಕೊಂಡು ಹೊರಟಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು. ಕಳ್ಳ ಬೀಗ ಹಾಕಿದ, ಇವನು ಮನೆಯನ್ನೇ ಕೆಡವಿದ... ಒಂದು ತಿಂಗಳು ಅವಳು ಸರಿಯಾಗಿ ಊಟ ಮಾಡಲಿಲ್ಲ.

ಒಂದು ಸೋಮವಾರ ಸಂಜೆ, ಅಂಗಡಿಯ ರಸೀದಿಯಲ್ಲಿದ್ದ ವಿಳಾಸ ಹಿಡಿದು ಅವನೇ ಮನೆ ಬಾಗಿಲಿಗೆ ಬಂದ. ಹೊರಗೇ ನಿಂತು ಹೇಳತೊಡಗಿದ. ಅಳಿಸುವ ಮುಂಚೆ ಬೀಗ ಬಿದ್ದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿದ್ದನಂತೆ. ಇಂಥ ಕಳ್ಳರ ಬೆನ್ನು ಬಿದ್ದವರು ಒಮ್ಮೊಮ್ಮೆ ಬೀಗದ ಕೀಲಿ ಕಂಡುಹಿಡಿದು ಎಲ್ಲರಿಗೂ ಕೊಡುತ್ತಾರಂತೆ. ಒಮ್ಮೊಮ್ಮೆ ಎಂದೆಂದಿಗೂ ಸಿಗುವುದಿಲ್ಲವಂತೆ.

“ಮೊದಲೇ ಯಾಕೆ ಹೇಳಲಿಲ್ಲ?”

“ಸಿಗುತ್ತೆ ಅಂತ ಆಸೆ ಹುಟ್ಟಿಸೋಕೆ ಭಯ ಆಯ್ತು. ಪ್ರತಿ ಸೋಮವಾರ ಹುಡುಕ್ತೀನಿ. ಇನ್ನೂ ಸಿಕ್ಕಿಲ್ಲ.”

ಅಮ್ಮ ಮಗಳ ಪಕ್ಕೆ ತಿವಿದು ಸ್ಲೇಟು ತೋರಿಸಿದಳು: ‘ಒಳಗೆ ಕರಿಯೇ. ಕೊರಿಯರ್ ಹುಡುಗನ ಥರ ನಿಲ್ಲಿಸಿದ್ದೀಯ.’

ಕಂಪ್ಯೂಟರಿನ ಮುಂದೆ ಇಬ್ಬರೂ ಕುಳಿತರು. ಅವನು ಇಂಟರ್ನೆಟ್ಟಿನಲ್ಲಿ ಒಂದೊಂದೇ ಪುಟ ತೆರೆದು ಕೀಲಿ ಹುಡುಕಿದ. ಅವಳು ಉಸಿರು ಬಿಗಿಹಿಡಿದು ನೋಡಿದಳು.

“ಇವತ್ತೂ ಇಲ್ಲ.”

ಅವಳ ಕಣ್ಣು ತುಂಬಿ ಬಂತು. “ಯಾವತ್ತೂ ಸಿಗದೇ ಹೋದ್ರೆ?”

“ಆಗಲೂ ನಾನು ಹುಡುಕ್ತಾ ಇರ್ತೀನಿ. ನಿಮ್ಮನ್ನ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ.”

ಅವಳು ಮೌಸಿನ ಮೇಲಿದ್ದ ಅವನ ಕೈ ಮೇಲೆ ಕೈಯಿಟ್ಟಳು.

“ಮುಂದಿನ ಸೋಮವಾರ ಬೇಗ ಬನ್ನಿ... ಒಬ್ಬಳೇ ಕಾಯೋಕೆ ಆಗಲ್ಲ ನನಗೆ.”

“ನಾಳೆ, ಮಂಗಳವಾರಾನೇ ಬಂದ್ರೆ?”

“ಬನ್ನಿ.”