ಪರದೆ ಎಳೆದಿದ್ದರೆ ತಟ್ಟಬಾರದು

ಎಲಿದೆಯನ್ನು ಮಣ್ಣು ಮಾಡಿದ ದಿನ ಫೋಸ್ಕೊ ಬಂದಿದ್ದ. ಬಂಡಿಚಕ್ರದಷ್ಟು ಅಗಲದ ಹೂಚಕ್ರ ತಂದಿದ್ದ. ಅದರ ಪಟ್ಟಿಯ ಮೇಲೆ ತೀರಿಹೋದವಳ ಹೆಸರಿಗಿಂತ ಅವನ ಹೆಸರೇ ದಪ್ಪಕ್ಷರದಲ್ಲಿತ್ತು. ಜನ ಚದುರುವಾಗ ಅವನು ಅವಳ ಗಂಡ ಒತ್ತಾವಿಯೊನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಪಾಪ, ಸಿಯೆನಾ ನೋಡ್ಬೇಕು ಅಂತ ಜೀವ ಬಿಡ್ತಿದ್ಳು. ನೀನಾದ್ರೂ ಬಾರಯ್ಯ ಒಂದ್ಸಲ. ನಮ್ಮ ಗಾಡೀಲೇ ಊರೆಲ್ಲ ಸುತ್ತಿಸ್ತೀನಿ."

ನಮ್ಮ ಗಾಡಿ. ಒತ್ತಾವಿಯೊ ತಲೆ ತಗ್ಗಿಸಿ ನಿಂತ. ಹೆಗಲ ಮೇಲಿದ್ದ ಕೈ ತಾನಾಗಿ ಇಳಿಯುವವರೆಗೆ ಕಾದ. ಅದನ್ನು ಜನ ದುಃಖವೆಂದುಕೊಂಡರು. ಅವನೊಳಗೆ ಕೆಂಡವೊಂದು ಬಿದ್ದದ್ದು ಯಾರಿಗೂ ಕಾಣಿಸಲಿಲ್ಲ.

ಒತ್ತಾವಿಯೊ ಜೋರ್ದಾನ್ ವಿಚೆಂಜಾ ಊರಿನ ಹೊರಗಿದ್ದ ಬಡಗಿ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅವನೂ ಹೆಂಡತಿ ಎಲಿದೆಯೂ ಸೇರಿ ಹಳೆಯ ವ್ಯಾನೊಂದನ್ನು ಮನೆಯಾಗಿಸಿದ್ದರು. ಒಲೆ, ಹೀಟರ್, ಅಡಿಕೆ ಕತ್ತರಿಯಂತೆ ಮಡಚುವ ಮೇಜು. ಒಂದೇ ಕೈಯಿಂದ ಎಳೆದರೆ ಛಾವಣಿಯಿಂದ ಸದ್ದಿಲ್ಲದೆ ಇಳಿಯುವ ಮಂಚ ಮಾತ್ರ ಪೂರ್ತಿ ಅವನ ತಲೆಯಲ್ಲಿ ಹುಟ್ಟಿದ್ದು. ಸಾಸಿವೆ ಹೂವಿನ ಬಣ್ಣದ ಪರದೆಗಳನ್ನು ಎಲಿದೆ ಹೊಲಿದಿದ್ದಳು. ಅವರ ಅಡುಗೆಮನೆಯ ಗೋಡೆಯ ಮೇಲೆ ಯಾವುದೋ ಹಳೆಯ ಕ್ಯಾಲೆಂಡರಿನ ಪುಟವಿತ್ತು. ಸಿಯೆನಾದ ದೊಡ್ಡ ಚೌಕ ಚಿಪ್ಪಿನ ಹಾಗೆ ಇಳಿಜಾರಾಗಿ ಹರಡಿಕೊಂಡ ಚಿತ್ರ. ವರ್ಷ ಕಳೆದರೂ ಅವಳು ಆ ಪುಟ ತೆಗೆದಿರಲಿಲ್ಲ. "ಅಲ್ಲಿ ಇಡೀ ಊರು ನೆಲದ ಮೇಲೇ ಕೂತ್ಕೊಳ್ಳತ್ತಂತೆ ಕಣೋ. ಕುರ್ಚಿನೂ ಬೇಡ, ದೊಡ್ಡಸ್ತಿಕೆನೂ ಬೇಡ," ಎನ್ನುತ್ತಿದ್ದಳು.

ಆಗ ಫೋಸ್ಕೊ ಅವನ ಪಾಲುದಾರ. ಮಾಡುವ ಕೈ ಒತ್ತಾವಿಯೊನದು, ಮಾತಾಡುವ ಬಾಯಿ ಫೋಸ್ಕೊನದು. "ಒಂದು ವಾರಕ್ಕೆ ಕೊಡು, ಮೇಳದಲ್ಲಿ ತೋರಿಸಿ ತಂದ್ಬಿಡ್ತೀನಿ," ಎಂದು ಗಾಡಿ ಒಯ್ದ. ಆ ವಾರ ಮುಗಿಯಲೇ ಇಲ್ಲ. ಇಳಿಯುವ ಮಂಚದ ಪೇಟೆಂಟು ಫೋಸ್ಕೊನ ಹೆಸರಿನಲ್ಲಿ ನೋಂದಣಿಯಾಯಿತು. ಸಿಯೆನಾ ಕಡೆಯ ತನ್ನ ಹುಟ್ಟೂರಿನಲ್ಲಿ ಅವನು ಕಾರ್ಖಾನೆ ತೆರೆದು, ಆ ಗಾಡಿಯನ್ನೇ ಅಂಗಳದಲ್ಲಿ ನಿಲ್ಲಿಸಿ 'ನನ್ನ ಚೊಚ್ಚಲ ಮಗು' ಎಂದು ಬಂದವರಿಗೆಲ್ಲ ತೋರಿಸತೊಡಗಿದ. ಕೇಳಲು ಹೋದ ಒತ್ತಾವಿಯೊನ ಎದುರು ವಕೀಲನನ್ನು ಕೂರಿಸಿದ. ಎಲಿದೆ ಅಳಲಿಲ್ಲ. "ಇನ್ನೊಂದು ಕಟ್ಟೋಣ ಬಿಡು," ಎಂದಳು. ಹೊಟ್ಟೆಪಾಡಿಗೆ ಊರವರ ಅಡುಗೆಮನೆಗಳ ಕಪಾಟು ಮಾಡುತ್ತ, ಬಿಡುವಿದ್ದಾಗ ಅವನು ಎರಡನೆಯದನ್ನು ಕಟ್ಟಿದ. ಅದು ಮುಗಿಯುವ ಹೊತ್ತಿಗೆ ಕಾಯಿಲೆ ಬಿದ್ದ ಎಲಿದೆಗೆ ಗಾಡಿಯ ಒಂದೇ ಒಂದು ಮೆಟ್ಟಿಲು ಹತ್ತಲೂ ತ್ರಾಣವಿರಲಿಲ್ಲ.

ಕಳ್ಳತನವನ್ನು ಮರೆಯಬಹುದಿತ್ತು. 'ಸುತ್ತಿಸ್ತೀನಿ' ಎಂದದ್ದನ್ನು ಮರೆಯಲಾಗಲಿಲ್ಲ.

ಸಿಯೆನಾ ಪ್ರವಾಸದ ಯೋಜನೆಯನ್ನು ಅವನು ಹೊಸದಾಗಿ ಮಾಡಬೇಕಾಗಿರಲಿಲ್ಲ. ಎಲಿದೆ ಯಾವತ್ತೋ ಮಾಡಿಟ್ಟಿದ್ದಳು. ಭೂಪಟದ ಮೇಲೆ ಅವಳ ನೀಲಿ ಪೆನ್ಸಿಲಿನ ಗೆರೆ: ಮಾಂಟುವಾದ ಕೆರೆದಂಡೆಯಲ್ಲಿ ಮೊದಲ ತಂಗು, ಹೆದ್ದಾರಿ ಬಿಟ್ಟು ಹಳೆಯ ಕಣಿವೆ ದಾರಿಯಲ್ಲಿ ಬೆಟ್ಟ ದಾಟುವುದು, ದ್ರಾಕ್ಷಿತೋಟಗಳ ನಡುವೆ ಇಳಿದು ಸಿಯೆನಾದ ಕೋಟೆಬಾಗಿಲ ಹೊರಗೆ ಕ್ಯಾಂಪರುಗಳು, ಅಂದರೆ ಇಂಥ ಮನೆಗಾಡಿಗಳು, ನಿಲ್ಲುವ ಬಯಲು. ಒತ್ತಾವಿಯೊ ಅದಕ್ಕೆ ಒಂದು ತುಂಡು ಮಾತ್ರ ಸೇರಿಸಿದ. ಸಿಯೆನಾದಿಂದ ಫೋಸ್ಕೊನ ಅಂಗಳಕ್ಕೆ, ಅಲ್ಲಿಂದ ಮತ್ತೆ ಸಿಯೆನಾಕ್ಕೆ. ಅದನ್ನು ಯಾವ ಪೆನ್ಸಿಲಿನಲ್ಲೂ ಗೀಚಲಿಲ್ಲ.

ಫೋಸ್ಕೊನ ದಿನಚರಿ ಆ ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. ಭಾನುವಾರವೂ ಅವನು ಕಾರ್ಖಾನೆಗೆ ಬರುತ್ತಿದ್ದ. ಎದುರಿನ ಹೋಟೆಲಿನಲ್ಲಿ ಊಟ, ಒಂದೆರಡು ಲೋಟ ವೈನು, ಆಮೇಲೆ ಅಂಗಳದ ಹಳೆಯ ಗಾಡಿಯಲ್ಲಿ ಹೀಟರ್ ಹಚ್ಚಿಕೊಂಡು ನಿದ್ದೆ. 'ತೊಟ್ಟಿಲು' ಎನ್ನುತ್ತಿದ್ದ ಅದನ್ನು. ಆ ತೊಟ್ಟಿಲಿನ ಹೊಗೆ ಕೊಳವೆ ಛಾವಣಿಗೆ ಎಲ್ಲಿ ತೂರುತ್ತದೆ, ಅದಕ್ಕೆ ಏನು ಸಿಕ್ಕಿಕೊಂಡರೆ ಹೊಗೆ ಹಿಂದಕ್ಕೆ ತಿರುಗುತ್ತದೆ ಎಂಬುದು ಅದನ್ನು ಕಟ್ಟಿದವನಿಗಲ್ಲದೆ ಇನ್ನಾರಿಗೆ ಗೊತ್ತು? ಹೊಗೆಯೆಂದರೆ ಇಲ್ಲಿ ಬರೀ ವಿಷಗಾಳಿ, ಕಣ್ಣಿಗೆ ಕಾಣುವುದಲ್ಲ, ಮೂಗಿಗೆ ತಿಳಿಯುವುದೂ ಅಲ್ಲ. ಮಲಗಿದವನು ಮಲಗಿದಂತೆಯೇ ಉಳಿಯುತ್ತಾನೆ. ಪ್ರತಿ ಚಳಿಗಾಲದಲ್ಲೂ ಯಾರೋ ಒಬ್ಬರು ಹೀಗೆ ಸಾಯುತ್ತಾರೆ, ಜನ ಲೊಚಗುಟ್ಟುತ್ತಾರೆ. ತನ್ನ ಬೇಲಿಯ ಪೊದೆಯಿಂದ ಅವನು ಹಕ್ಕಿಯ ಹಳೆಯ ಗೂಡೊಂದನ್ನು ಬಿಡಿಸಿ ತಂದು ರೊಟ್ಟಿಯ ಕಾಗದದ ಚೀಲದಲ್ಲಿಟ್ಟ. ಹಕ್ಕಿಯನ್ನು ಯಾವ ನ್ಯಾಯಾಲಯವೂ ಕಟಕಟೆಗೆ ಕರೆಯುವುದಿಲ್ಲ.

ಹೊರಡುವ ದಿನ ಎಲಿದೆಯ ತಂಗಿ ಇನೆಸ್ ಉಪ್ಪಿನಕಾಯಿ ಭರಣಿಗಳನ್ನು ಹೊತ್ತು ಬಂದಳು.

"ಒಬ್ರೇ ಹೋಗ್ತೀರಾ ಭಾವ?"

"ಅವಳ ದಾರೀಲಿ ಹೋಗ್ತಿದೀನಿ. ಒಬ್ಬನೇ ಹೇಗಾಗ್ತೀನಿ?"

ಇನೆಸ್ ಕಣ್ಣೊರೆಸಿಕೊಂಡಳು. "ಅಕ್ಕ ಹೋದಾಗಿಂದ ನಿಮ್ಮ ಮುಖದಲ್ಲಿ ಇಷ್ಟು ಕಳೆ ನೋಡಿರ್ಲಿಲ್ಲ ನೋಡಿ. ಹೋಗಿ ಬನ್ನಿ. ಮನಸ್ಸಲ್ಲಿರೋದನ್ನೆಲ್ಲ ಅಲ್ಲೇ ಬಿಟ್ಟು ಬನ್ನಿ."

"ಅದಕ್ಕೇ ಹೋಗ್ತಿರೋದು," ಎಂದ ಅವನು. ಅದು ಸುಳ್ಳಲ್ಲ.

ಮಾಂಟುವಾದ ಕೆರೆಯ ಮೇಲೆ ಮಂಜಿತ್ತು. ಎಲಿದೆ ಗುರುತು ಹಾಕಿದ ಜಾಗದಲ್ಲೇ ಆ ಎರಡನೆಯ ಗಾಡಿ ನಿಲ್ಲಿಸಿ, ಇಬ್ಬರಿಗಾಗುವಷ್ಟು ಕಾಫಿ ಕಾಸಿ ಒಬ್ಬನೇ ಕುಡಿದ. ಬೆಟ್ಟದ ತಿರುವುಗಳಲ್ಲಿ ಎದುರಾದ ಕ್ಯಾಂಪರಿನವರು ಪದ್ಧತಿಯಂತೆ ಕೈಯೆತ್ತಿದರು. ಅವನೂ ಎತ್ತಿದ. ಸಭ್ಯ ಪ್ರವಾಸಿಯೊಬ್ಬನ ಕೈ. ಆದರೆ ಒಂದೊಂದು ಸುಂದರ ತಿರುವಿಗೂ ಅವನೊಳಗಿನ ಸಿಟ್ಟು ಹೆಚ್ಚಾಗುತ್ತಿತ್ತು. ಇದನ್ನು ಅವಳು ನೋಡಬೇಕಿತ್ತು. ಈ ಕಂದು ಗುಡ್ಡ, ಅದರ ನೆತ್ತಿಯ ಒಂಟಿ ಮರ, ದೂರದಲ್ಲಿ ಏಳುವ ಸಿಯೆನಾದ ಗೋಪುರ. ಫೋಸ್ಕೊ ಕದ್ದದ್ದು ಮಂಚವನ್ನಲ್ಲ, ಇದನ್ನು.

ಬಯಲಿನಲ್ಲಿ ಅವನು ಬೇಲಿಗೆ ಬೆನ್ನಾದ ಮೂಲೆಯ ಜಾಗ ಹಿಡಿದ. ಗಾಡಿಯ ಹಿಂಭಾಗದಲ್ಲಿ, ಮಂಚದ ಕೆಳಗೆ, ಸಾಮಾನು ತುಂಬುವ ಕಿರುಬಾಗಿಲಿತ್ತು. ಅದರಿಂದ ಹೊರಬಿದ್ದರೆ ನೇರ ಬೇಲಿಯ ಸಂದು, ಆಮೇಲೆ ಫೋಸ್ಕೊನ ಅಂಗಳದವರೆಗೂ ಹೊಲದ ದಾರಿ. ಹಿಂದಿನ ಕಂಬಿಗೆ ದೊಡ್ಡ ಸೈಕಲ್ಲನ್ನು ಎಲ್ಲರಿಗೂ ಕಾಣುವಂತೆ ಬಿಗಿದಿದ್ದ. ಮಡಚುವ ಸೈಕಲ್ಲು ಒಳಗಿತ್ತು. ನಾಳೆ, ಭಾನುವಾರ, ಊಟದ ಹೊತ್ತಿಗೆ ಮುಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಾನೆ. ಪರದೆ ಎಳೆಯುತ್ತಾನೆ. ರೇಡಿಯೊ ಹಾಡುತ್ತಿರುತ್ತದೆ, ಹೀಟರ್ ಉರಿಯುತ್ತಿರುತ್ತದೆ, ಫೋನು ಮೇಜಿನ ಮೇಲಿರುತ್ತದೆ. ಯಾರೂ ಬಂದು ಕೆದಕುವುದಿಲ್ಲ. ಕ್ಯಾಂಪರಿನವರಲ್ಲಿ ಬರೆಯದ ನಿಯಮವೊಂದಿದೆ: ಪರದೆ ಎಳೆದಿದ್ದರೆ ತಟ್ಟಬಾರದು. ತೆಳು ತಗಡಿನ ಗೋಡೆಗಳ ನಡುವೆ ಬದುಕುವ ಜನಕ್ಕೆ ಅದೇ ಕಲ್ಲುಗೋಡೆ.

ಸಂಜೆ ಪಕ್ಕದ ಗಾಡಿಯವರು ಪರಿಚಯವಾದರು. ಮೊದೆನಾ ಕಡೆಯ ನೋರ್ಮಾ, ಅವಳ ಗಂಡ ಅದೆಲ್ಮೊ. ದಪ್ಪನೆಯ, ನಗುಮೊಗದ, ಸುಮ್ಮನಿರಲು ಬಾರದ ಹೆಂಗಸು. ಒತ್ತಾವಿಯೊನಿಗೂ ಸಾಕ್ಷಿಗಳು ಬೇಕಿದ್ದರು. ಎಲಿದೆಯ ಬಗ್ಗೆ, ಭೂಪಟದ ಬಗ್ಗೆ ಹೇಳಿದ. ನೋರ್ಮಾ ಅತ್ತೇಬಿಟ್ಟಳು.

"ಈ ಹಾಳು ತಲೆನೋವು ಬೇರೆ," ಎಂದಳು ಮೂಗೊರೆಸುತ್ತ. "ಹೀಟರ್ ಹಚ್ಚಿದಾಗೆಲ್ಲ ಶುರುವಾಗತ್ತೆ."

"ಹೀಟರ್ ಏನ್ ಮಾಡತ್ತೆ? ದಿನವಿಡೀ ಬಾಯಿ ಆಡಿಸಿದ್ರೆ ತಲೆ ನೋಯದೆ ಇನ್ನೇನು," ಎಂದ ಅದೆಲ್ಮೊ.

ಒತ್ತಾವಿಯೊನ ಕಿವಿ ನೆಟ್ಟಗಾಯಿತು. ಕೇಳದೆಯೇ ಅವರ ಗಾಡಿ ಹತ್ತಿ ಕಪಾಟಿನ ಹಲಗೆ ಬಿಚ್ಚಿದ. ಹೀಟರಿನ ಹೊಗೆ ಕೊಳವೆ ಕೀಲಿನಲ್ಲಿ ಬಾಯಿಬಿಟ್ಟಿತ್ತು. ಯಾರೋ ಕೈಲಾಗದವನು ಅದಕ್ಕೆ ಬರೀ ಅಂಟುಪಟ್ಟಿ ಸುತ್ತಿದ್ದ. ಆಗ ಒತ್ತಾವಿಯೊನಿಗೆ ಬಂದ ಸಿಟ್ಟು ನಾಟಕದ್ದಲ್ಲ. ಕಸುಬಿಗೆ ಅನ್ಯಾಯವಾದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಇದನ್ನ ಯಾರ್ರೀ ಮಾಡಿದ್ದು? ನಿಮ್ಮನ್ನ ಕೊಲ್ಲಕ್ಕೆ ಹೊರಟಿದ್ನಾ ಅವನು?"

"ನಾನೇ ಮಾಡಿದ್ದು ಯಜಮಾನ್ರೇ," ಎಂದ ಅದೆಲ್ಮೊ ಸಣ್ಣ ದನಿಯಲ್ಲಿ.

"ನೋಡಿದ್ರಾ! ಮದುವೆಯಾದಾಗಿಂದ ಇದೇ ಆಸೆ ಇವ್ರಿಗೆ," ಎಂದಳು ನೋರ್ಮಾ.

ಒತ್ತಾವಿಯೊ ನಗಲಿಲ್ಲ. ತನ್ನ ಗಾಡಿಯಿಂದ ಸಾಮಾನು ತಂದು, ಕೀಲು ಕತ್ತರಿಸಿ, ಹೊಸ ತುಂಡು ಕೂರಿಸಿ, ತಿರುಪು ಬಿಗಿದ. ಕೆಲಸ ಮಾಡುತ್ತಲೇ ಇಬ್ಬರನ್ನೂ ಮಕ್ಕಳನ್ನು ಬೈದಂತೆ ಬೈದ. ಈ ಹೊಗೆ ಹೇಗೆ ಬರುತ್ತದೆ, ಹೇಗೆ ಮಲಗಿದವರನ್ನು ಎತ್ತಿಕೊಂಡು ಹೋಗುತ್ತದೆ, ಜನ ಮರ್ಯಾದೆಗೆ ಅಂಜಿ ಹೇಗೆ ಸುಮ್ಮನಿರುತ್ತಾರೆ, ಎಲ್ಲ ಹೇಳಿದ. ನೋರ್ಮಾ ಬಾಯಿಯ ಮೇಲೆ ಕೈಯಿಟ್ಟು ಕೇಳಿದಳು. ಇಳಿದು ಬರುವಾಗ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಅಪರಿಚಿತರ ಜೀವಕ್ಕೆ ಇಷ್ಟು ಮಿಡಿಯುವ ಮನುಷ್ಯನನ್ನು ಯಾರು ತಾನೆ ಅನುಮಾನಿಸಿಯಾರು?

ಬೆಳಗ್ಗೆ ಅವನು ಊರೊಳಗೆ ಹೋಗಿ ಚೌಕದಲ್ಲಿ ಕೂತ. ಇಟ್ಟಿಗೆಯ ನೆಲ ತಣ್ಣಗಿತ್ತು. ಎಲಿದೆ ಹೇಳಿದ್ದು ನಿಜ, ಎಲ್ಲರೂ ನೆಲದ ಮೇಲೇ ಕೂತಿದ್ದರು. ಪಕ್ಕದ ಜಾಗದಲ್ಲಿ ಯಾರೂ ಕೂರದಂತೆ ಟೋಪಿ ಇಟ್ಟುಕೊಂಡಿದ್ದ. ಇಲ್ಲಿಗೇ ನಿಲ್ಲಿಸಿ ಮನೆಗೆ ಹೋಗಬಹುದು ಎಂಬ ಯೋಚನೆ ಒಮ್ಮೆ ಸುಳಿಯಿತು. ಆದರೆ ಆ ಟೋಪಿಯನ್ನು ನೋಡನೋಡುತ್ತ ಸಿಟ್ಟು ಮರಳಿತು; ಎದ್ದು ಅದನ್ನು ತಲೆಗಿಟ್ಟುಕೊಂಡು ಬಯಲಿನತ್ತ ನಡೆದ.

ಮಿಕ್ಕದ್ದೆಲ್ಲ ಅವನ ಮಂಚದ ಹಾಗೆಯೇ ಸದ್ದಿಲ್ಲದೆ ಇಳಿಯಿತು. ಹೊಲದ ದಾರಿಯಲ್ಲಿ ಯಾರೂ ಎದುರಾಗಲಿಲ್ಲ. ಫೋಸ್ಕೊನ ಅಂಗಳ ಖಾಲಿಯಿತ್ತು. ಹಳೆಯ ಗಾಡಿಯ ಹಿಂದಿನ ಏಣಿ ಹತ್ತುವಾಗ ಕಿಟಕಿಯಲ್ಲಿ ಎಲಿದೆಯ ಪರದೆಗಳು ಕಂಡವು. ಬಿಸಿಲಿಗೆ ಬಣ್ಣ ಹೋಗಿ ಒಣಹುಲ್ಲಿನಂತಾಗಿದ್ದವು. ಅಂಚಿನ ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಗೂಡನ್ನು ಇಡಬೇಕಾದಲ್ಲಿ ಇಟ್ಟು, ಮರದ ರಾಶಿಯ ಹಿಂದೆ ನಿಂತ. ಫೋಸ್ಕೊ ಏನನ್ನೋ ಗುನುಗುತ್ತ ಬಂದು ಗಾಡಿ ಹೊಕ್ಕು ಬಾಗಿಲೆಳೆದುಕೊಂಡ. ಹೀಟರ್ ಹೊತ್ತಿಕೊಂಡ ಸದ್ದು ಒತ್ತಾವಿಯೊನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಗುನುಗು ನಿಲ್ಲುವವರೆಗೂ ಕಾದ. ಆಮೇಲೂ ಒಂದಷ್ಟು ಹೊತ್ತು ನಿಂತ. ಅಂಥ ಮೌನವನ್ನು ಅವನು ಹಿಂದೆ ಒಮ್ಮೆ ಮಾತ್ರ ಕೇಳಿದ್ದ, ಆಸ್ಪತ್ರೆಯಲ್ಲಿ.

ಬಿಸಿಲು ಇಳಿಯುವ ಮುಂಚೆ ಅವನು ಬೇಲಿಯ ಸಂದಿನಲ್ಲಿ ನುಸುಳಿ, ಕಿರುಬಾಗಿಲು ತೆರೆದು, ಸೈಕಲ್ಲು ಮಡಚಿಟ್ಟು ಒಳಗೆ ತೆವಳಿದ. ಪರದೆಗಳ ಹಿಂದೆ ಕತ್ತಲು. ರೇಡಿಯೊ ನಿಂತಿತ್ತು. ಬ್ಯಾಟರಿ ಇಳಿದಿರಬೇಕು. ಆಚೆ ಬದಿಯಲ್ಲಿ ಗುಜುಗುಜು ಮಾತು. ಭಾನುವಾರವಲ್ಲವೆ, ಜನ ಹರಟುತ್ತಿದ್ದಾರೆ. ಒಳ್ಳೆಯದೇ ಆಯಿತು, ನೋಡುವ ಕಣ್ಣು ಹೆಚ್ಚಿದ್ದಷ್ಟೂ ಒಳಿತು. ಅಂಗಿ ಬದಲಿಸಿದ. ಕೂದಲು ಕೆದರಿಕೊಂಡ. ದಿಂಬಿಗೆ ಕೆನ್ನೆ ಒತ್ತಿ ಗೆರೆ ಮೂಡಿಸಿಕೊಂಡ. ಎಂಥ ಬಡಗಿಯಾದರೂ ಕೊನೆಗೊಮ್ಮೆ ನುಣುಪಿಗೆ ಉಜ್ಜುಗಾಗದ ಹಿಡಿಯಲೇಬೇಕು. ಆಮೇಲೆ ಚಿಲಕ ಸರಿಸಿ, ಬಾಯ್ತುಂಬ ಆಕಳಿಸುತ್ತ ಬಾಗಿಲು ತೆರೆದ.

ಬಯಲಿನ ಜನವೆಲ್ಲ ಅಲ್ಲೇ ನಿಂತಿತ್ತು. ಎಲ್ಲರ ಮುಂದೆ ನೋರ್ಮಾ, ಎದೆಗವಚಿಕೊಂಡ ಪಾತ್ರೆಯೊಂದಿಗೆ. ಅವಳ ಪಕ್ಕದಲ್ಲಿ ಎಳೆಯ ವಯಸ್ಸಿನ ಪೊಲೀಸನೊಬ್ಬ. ಒತ್ತಾವಿಯೊನ ನಾಲಿಗೆ ಕಲಿತ ಪಾಠವನ್ನು ಒಪ್ಪಿಸಿಯೇಬಿಟ್ಟಿತು.

"ಏನ್ರಪ್ಪ ಇದು ಜಾತ್ರೆ? ಊಟ ಮಾಡಿ ಮಲಗಿದೋನು ಈಗ ತಾನೆ ಎದ್ದೆ. ಮಂಚ ಬಿಟ್ಟು ಇಳಿದಿದ್ರೆ ಕೇಳಿ."

ನೋರ್ಮಾ ಮೊದಲು ದೇವರನ್ನು ನೆನೆದಳು. ಆಮೇಲೆ ಓಡಿಬಂದು, ಸಿಕ್ಕಿದ ಮಗುವನ್ನು ಹಿಡಿದಂತೆ ಅವನ ಕೈ ಹಿಡಿದಳು. "ಅಯ್ಯೋ, ಬದುಕಿದೀರಲ್ಲ! ನಿಮಗೇ ಅಂತ ತೊರ್ತೆಲ್ಲಿನಿ ಕಡುಬಿನ ಸಾರು ತಂದಿದ್ದೆ. ಪರದೆ ಎಳೆದಿತ್ತು, ವಾಪಸ್ ಹೊರಟಿದ್ದೆ. ಆಮೇಲೆ ನಿನ್ನೆ ನೀವು ಬೈದದ್ದು ನೆನಪಾಯ್ತು. ನೀವೇ ಅಂದಿದ್ರಲ್ಲ, 'ಹೀಟರ್ ಉರೀತಿದ್ದು ಒಳಗಿರೋರು ಓಗೊಡ್ದೇ ಹೋದ್ರೆ ಮರ್ಯಾದೆ ನೋಡ್ಕೊಂಡು ನಿಲ್ಬೇಡಿ, ಪರದೆ ಎಳೆದಿದ್ರೂ ಸರಿ, ಕಿಟಕಿ ಒಡೆದು ಒಳಗೆ ನುಗ್ಗಿ' ಅಂತ. ನಾನು ತಟ್ಟಿದೆ, ಕೂಗಿದೆ. ಇವ್ರು ಸುತ್ತಿಗೆ ತಂದು ಒಲೆ ಪಕ್ಕದ ಕಿಟಕಿ ಒಡೆದ್ರು. ಅದ್ರಲ್ಲೇ ಕೈ ತೂರಿಸಿ ಹೀಟರ್ ಆರಿಸಿದ್ವಿ, ರೇಡಿಯೊ ಆರಿಸಿದ್ವಿ. ನೋಡಿದ್ರೆ ಮಂಚ ಖಾಲಿ! ಹೆಂಡ್ತಿ ನೆನಪಲ್ಲಿ ಎಲ್ಲಿ ಹೋಗಿ ಏನ್ ಮಾಡ್ಕೊಂಡ್ರೋ ಅಂತ ಆಗಿಂದ ಊರೆಲ್ಲ ಹುಡುಕ್ತಿದೀವಿ." ಒತ್ತಾವಿಯೊ ತಿರುಗಿ ನೋಡಿದ. ಒಲೆಯ ಪಕ್ಕದ ಪರದೆ ಒಡೆದ ಕಿಟಕಿಯ ಗಾಳಿಗೆ ಒಳಕ್ಕೆ ಉಬ್ಬಿ, ಮೆಲ್ಲಗೆ ಹಿಂದಕ್ಕೆ ಸರಿಯಿತು. ಎಳೆಯ ಪೊಲೀಸ್ ಟೋಪಿ ತೆಗೆದು, ಕಾಯಿಲೆಯವರನ್ನು ಮಾತಾಡಿಸುವಷ್ಟು ನಯವಾಗಿ ಕೇಳಿದ: "ಹಾಗಾದ್ರೆ ಯಜಮಾನ್ರೇ, ನೀವು ಮಲಗಿದ್ದ ಮಂಚ ಯಾವುದು?"