ಏಕಾದಶಿಯ ವಾರ್ನಿಷ್

ಜಡೆ ಇಲ್ಲದಿದ್ದರೆ ತನ್ನನ್ನು ಯಾರಾದರೂ ಗುರುತು ಹಿಡಿಯುತ್ತಾರೆಯೇ ಎಂಬ ಚಿಂತೆ ವತ್ಸಲೆಗೆ ಬಹಳ ದಿನದಿಂದ ಇತ್ತು. ಮಂಡಿಯವರೆಗೆ ಇಳಿಯುವ ಜಡೆ ಅದು. ಶಹಾಬಜಾರದ ಓಣಿಯಲ್ಲಿ ಅವಳ ಹೆಸರು ಗೊತ್ತಿಲ್ಲದವರಿಗೂ ಜಡೆ ಗೊತ್ತಿತ್ತು. ಕಾಲೇಜಿನಲ್ಲಿ ಇತಿಹಾಸ ಹೇಳಿದ ಮೇಷ್ಟ್ರು ಕೊನೆಯ ದಿನ ಅವಳು ನಮಸ್ಕಾರ ಮಾಡಿದಾಗ ಯಾರೆಂದು ತಿಳಿಯದೆ ಸುಮ್ಮನೆ ನೋಡಿದ್ದರು. ಅವಳು ತಿರುಗಿ ಹೊರಟ ಮೇಲೆ, ‘ಓ, ನೀನೇನವಾ’ ಎಂದು ಬೆನ್ನಿಗೇ ಆಶೀರ್ವಾದ ಮಾಡಿದ್ದರು.

ಎಂಬತ್ತೆಂಟರ ಬೇಸಿಗೆಯಲ್ಲಿ ಜಡೆಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಮುಕುಂದ, ಕಮಲಾಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಕೆಟ್ಟವನೆಂದು ಯಾರೂ ಹೇಳಿರಲಿಲ್ಲ. ಅವನ ತಾಯಿ ಮುಕ್ತಾಬಾಯಿ ಯಾವುದೋ ಮುಂಜಿಯಲ್ಲಿ ವತ್ಸಲೆಯ ಹಿಂದಿನ ಸಾಲಿಗೆ ಊಟಕ್ಕೆ ಕುಳಿತಿದ್ದರಂತೆ. ‘ಹುಡುಗೀನ ಹಿಂದಿಂದ ನೋಡೀವಿ, ಮುಂದಿಂದ ನೋಡೂದು ಬರೇ ಪದ್ಧತಿಗೆ’ ಎಂದು ಹೇಳಿ ಕಳಿಸಿದ್ದರು. ಜೊತೆಗೆ ಒಂದು ಬುಟ್ಟಿ ಕೆಂಪು ಬಾಳೆಹಣ್ಣು.

ಅದೇ ವಾರ ಊರಿನ ಒಂದು ಹೆಣ್ಣುಮಕ್ಕಳ ಶಾಲೆಯವರು ಜೂನ್‌ನಿಂದ ಕನ್ನಡ ಕಲಿಸಲು ಬಾ ಎಂದು ವತ್ಸಲೆಯನ್ನು ಕರೆದಿದ್ದರು. ಈ ಸುದ್ದಿಯೂ ಕಮಲಾಪುರಕ್ಕೆ ಹೋಯಿತು. ನೌಕರಿ ಗೀಕರಿ ಏನೂ ಬೇಡ, ಹುಡುಗಿ ಜಡೆ ಕಾಯ್ದುಕೊಂಡಿದ್ದರೆ ಸಾಕು ಎಂದು ಉತ್ತರ ಬಂತು. ಅದನ್ನು ತಾಯಿ ಪಾರ್ವತೀಬಾಯಿ ಓಣಿಯಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದರು. ತಂದೆ ಪ್ರಹ್ಲಾದರಾಯರು ಹೂಂ ಅಂದುಬಿಟ್ಟಿದ್ದರು. ಬೇಡ ಎಂಬ ಮಾತು ವತ್ಸಲೆಯ ದಿನಚರಿಯಲ್ಲಿ ದುಂಡಗೆ ಮೂಡುತ್ತಿತ್ತು, ತಂದೆಯ ಎದುರಿಗೆ ನಿಂತರೆ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ಹೇಳದೆ ಆಗುವ ದಾರಿಯನ್ನು ಅವಳು ಶಾಂತವಾಗಿ ಯೋಚಿಸಿದಳು. ಅವರು ಬರುತ್ತಿರುವುದು ಜಡೆಗಾಗಿ. ಜಡೆ ಹೋದರೆ ಬರುವ ಕಾರಣವೇ ಹೋಗುತ್ತದೆ. ಹಾಗಾದರೆ ಜಡೆಯನ್ನು ಮುಗಿಸಬೇಕು, ಮುಗಿಸಿದ್ದು ತಾನೆಂದು ಗೊತ್ತಾಗಬಾರದು. ಕತ್ತರಿ ಹಾಕಿದರೆ ಕೈ ಯಾರದೆಂದು ಕೇಳುತ್ತಾರೆ. ಬೆಂಕಿಯೆಂದರೆ ಅವಳಿಗೇ ಹೆದರಿಕೆ.

ಉಪಾಯ ತಾನಾಗಿ ಸೈಕಲ್ಲು ಹೊಡೆದುಕೊಂಡು ಮನೆಗೆ ಬಂತು. ಮದುವೆಗೆಂದು ರಾಯರು ಸಾಗವಾನಿಯ ಅಲಮಾರಿ ಮಾಡಿಸಿದ್ದರು. ಅದಕ್ಕೆ ವಾರ್ನಿಷ್ ಹಚ್ಚಲು ಕೋಟನೂರಿನಿಂದ ಪೀರಪ್ಪ ದಿನಾ ಬರುತ್ತಿದ್ದ. ಯಾರೊಂದಿಗೂ ಮಾತಾಡದ ವತ್ಸಲಾ ಅವನಿಗೆ ಚಹಾ ತಂದುಕೊಟ್ಟು, ಕೈಗೆ ಮೆತ್ತಿದ್ದು ಹೇಗೆ ಹೋಗುತ್ತದೆ ಎಂದು ಕೇಳಿದಳು. ಹುಡುಗಿಗೆ ತನ್ನ ಅಲಮಾರಿಯ ಮೇಲೆ ಮೋಹವೆಂದು ಪೀರಪ್ಪನಿಗೆ ಖುಷಿಯಾಯಿತು.

“ಹಸಿ ಇದ್ದಾಗ ಕುಸಬಿ ಎಣ್ಣಿ ಹಚ್ಚಿ ತಿಕ್ಕಬೇಕ್ರಿ ಅಕ್ಕಾರ, ಜಾರಿ ಹೋಗ್ತದ. ಒಂದು ರಾತ್ರಿ ಒಣಗಿತಂದ್ರ ಮುಗೀತು. ಚರ್ಮ ಇದ್ರ ಕೆರಕೋಬೇಕು, ಕೂದಲ ಇದ್ರ ಕತ್ತರೀನೇ.”

ಇನ್ನೊಂದು ವಿಷಯವನ್ನು ಅವನು ಕೇಳದೆಯೇ ಹೇಳಿದ. ಅಲಮಾರಿಯ ಬಾಗಿಲಿನಲ್ಲಿ ಒಂದು ಕಡೆ ವಾರ್ನಿಷ್ ಹಿಡಿಯದೆ ಗುಳ್ಳೆ ಎದ್ದು ಸಿಪ್ಪೆಯಾಗಿ ಬಿಚ್ಚುತ್ತಿತ್ತು. “ಇಲ್ಲಿ ನಿಮ್ಮ ಜಡಿ ತಾಗ್ಯದ ನೋಡ್ರಿ. ಜಿಡ್ಡಿದ್ದಲ್ಲಿ ಇದು ಕೂಡೂದಿಲ್ಲ. ಮೊದಲ ಜಿಡ್ಡು ತಗೀಬೇಕು” ಎಂದ.

ಇಪ್ಪತ್ತೊಂದು ವರ್ಷದ ಎಣ್ಣೆ ಕುಡಿದ ಜಡೆ. ಹಾಗೆಯೇ ಸುರಿದುಕೊಂಡಿದ್ದರೆ ಅಷ್ಟೂ ಜಾರಿಹೋಗುತ್ತಿತ್ತು. ಇಷ್ಟು ಮುಖ್ಯವಾದ ಸಂಗತಿ ಮೊದಲೇ ತಿಳಿದದ್ದು ತನ್ನ ಎಚ್ಚರಿಕೆಗೆ ಸಿಕ್ಕ ಫಲವೆಂದು ಅವಳಿಗೆ ಅನಿಸಿತು.

ದಿನವನ್ನೂ ಅವಳು ಅಷ್ಟೇ ಎಚ್ಚರದಿಂದ ಆರಿಸಿದಳು. ಕಮಲಾಪುರದವರು ದ್ವಾದಶಿಯ ಪಾರಣೆ ಮುಗಿಸಿ ಮೊದಲ ಬಸ್ಸಿಗೆ ಬರುವವರಿದ್ದರು. ಹಿಂದಿನ ದಿನ ಏಕಾದಶಿ. ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಮಧ್ಯಾಹ್ನ ತಂದೆತಾಯಿ ಮಠಕ್ಕೆ ಪ್ರವಚನಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಎಲ್ಲಕ್ಕಿಂತ ಮಿಗಿಲಾಗಿ, ಏಕಾದಶಿಯಂದು ಈ ಮನೆಯಲ್ಲಿ ಯಾರೂ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಅಂದರೆ ಇದ್ದ ಒಂದೇ ಮದ್ದು ಮರುದಿನದವರೆಗೆ ನಿಷಿದ್ಧ. ಅಷ್ಟರಲ್ಲಿ ವಾರ್ನಿಷ್ ಕಟ್ಟಿಗೆಯಾಗಿರುತ್ತದೆ. ಅದನ್ನು ಕರಗಿಸಬಹುದಾದ ರೇಶನ್ನಿನ ಸೀಮೆಎಣ್ಣೆ ಮುಗಿದಿತ್ತು, ಪೀರಪ್ಪನ ಟರ್ಪೆಂಟೈನ್ ಶೀಸೆ ಸಂಜೆ ಅವನ ಜೊತೆ ಕೋಟನೂರಿಗೆ ಹೋಗುತ್ತಿತ್ತು. ಶಾಸ್ತ್ರವೇ ತನ್ನ ಕಡೆಗಿದೆ ಎಂದುಕೊಂಡು ಅವಳು ಕಮಲಾಪುರದ ಬಾಳೆಹಣ್ಣನ್ನು ಸುಲಿದು ತಿಂದಳು. ಹಣ್ಣು ಚೆನ್ನಾಗಿತ್ತು.

ಅಪರಾಧಿಯೂ ಬೇಕಲ್ಲ. ಪಕ್ಕದ ಮನೆಯ ಕಂದು ಬೆಕ್ಕನ್ನು ನೇಮಿಸಿದಳು. ಅದಕ್ಕೆ ಮೊದಲಿನಿಂದಲೂ ಹೆಸರು ಕೆಟ್ಟಿತ್ತು.

ಏಕಾದಶಿಯ ದಿನ ಪೀರಪ್ಪ ಒಂದು ಕೈ ಹಚ್ಚಿ, ಡಬ್ಬಿಯನ್ನು ಪಡಸಾಲೆಯ ಗೋಡೆಯ ಹಲಗೆಯ ಮೇಲೆ ಇಟ್ಟು ಹೋದ. ತಂದೆತಾಯಿ ಮಠಕ್ಕೆ ಹೊರಟರು. ವತ್ಸಲಾ ಬಚ್ಚಲಲ್ಲಿ ಸೀಗೆಕಾಯಿ ಕಲಸಿ ಕೂದಲನ್ನು ಬುಡದಿಂದ ತುದಿಯವರೆಗೆ ತಿಕ್ಕಿ, ನೀರು ಜಾರದೆ ಕೂದಲು ಕಿರುಗುಟ್ಟುವವರೆಗೂ ತೊಳೆದಳು. ಮಾಳಿಗೆಯ ಬಿಸಿಲು ಅದನ್ನು ಹಪ್ಪಳದಂತೆ ಒಣಗಿಸಿತು. ಬಚ್ಚಲನ್ನೂ ತೊಳೆದು ಒಣಗಲು ಬಿಟ್ಟಳು. ಜಡೆ ಹೆಣೆದು, ಹಲಗೆಯ ಕೆಳಗೆ ಚಾಪೆ ಹಾಸಿ ಒಂದು ಪುಸ್ತಕ ತೆರೆದಿಟ್ಟಳು. ಓದುತ್ತ ನಿದ್ದೆ ಹೋದವಳ ಮೇಲೆ ಬೆಕ್ಕು ಕೆಡವಿತೆಂದರೆ ಡಬ್ಬಿ ಆ ದಿಕ್ಕಿಗೇ ಉರುಳಿರಬೇಕು. ಅದನ್ನು ತಂಬಿಗೆ ನೀರಿನಿಂದ ಮೊದಲೇ ಪರೀಕ್ಷಿಸಿದ್ದಳು. ಆಮೇಲೆ ಮುಚ್ಚಳ ಎಬ್ಬಿಸಿ, ಕತ್ತು ಬಗ್ಗಿಸಿ, ಹೆಗಲ ಕೆಳಗಿನ ಜಡೆಯ ಮೇಲೆ ನಿಧಾನವಾಗಿ ಸುರಿದುಕೊಂಡಳು. ಅದು ಬೆಲ್ಲದ ಪಾಕದಂತೆ ಇಳಿಯಿತು. ಕತ್ತಿಗೆ, ಕಿವಿಗೆ ಸ್ವಲ್ಪ ಮೆತ್ತಿತು. ಅಪಘಾತಕ್ಕೆ ಅಷ್ಟು ಶೋಭೆ ಬೇಕೇ ಬೇಕು. ಕೈಗೂ ಹತ್ತಿತು. ಕಳ್ಳರು ಕೈ ತೊಳೆದುಕೊಳ್ಳಲು ಒದ್ದಾಡುತ್ತಾರೆ. ಅವಳು ತಲೆ ಮುಟ್ಟಿ ನೋಡಿಕೊಂಡೆ ಎಂದರೆ ಸಾಕಾಗಿತ್ತು. ಅಂದು ದಿನಚರಿಯಲ್ಲಿ ‘ಬಿಸಿಲು ಬಹಳ’ ಎಂದಷ್ಟೇ ಬರೆಯಬೇಕೆಂದು ನಿರ್ಧರಿಸಿದಳು.

ಮುಂದಿನದೆಲ್ಲ ಅವಳೇ ಕಲಿಸಿಕೊಟ್ಟ ಪಾಠದಂತೆ ನಡೆಯಿತು. ಪಾರ್ವತೀಬಾಯಿ ಎದೆ ಬಡಿದುಕೊಂಡರು, ಬೆಕ್ಕನ್ನು ಶಪಿಸಿದರು, ಎಣ್ಣೆಯ ಶೀಸೆಗೆ ಕೈ ಹಾಕಿದರು. ರಾಯರು ‘ಏಕಾದಶಿ’ ಅಂದರು. ಕೈ ನಿಂತಿತು.

ಪಾಠದಲ್ಲಿ ಇಲ್ಲದ್ದು ನಡೆದದ್ದು ಬೆಳಿಗ್ಗೆ. ಬೆಕ್ಕನ್ನು ಬೈದು ರಾಯರಿಗೆ ಸಮಾಧಾನವಾಗಿರಲಿಲ್ಲ. ಪೀರಪ್ಪ ಸೈಕಲ್ಲು ಇಳಿಯುತ್ತಿದ್ದಂತೆ ಅವನನ್ನು ಹಿಡಿದರು. ಮುಚ್ಚಳ ಬಿಗಿ ಮಾಡಿದ್ದರೆ ಬೆಕ್ಕು ಏನು ಮಾಡುತ್ತಿತ್ತು, ನಿನ್ನನ್ನು ಇನ್ನು ಈ ಓಣಿಯಲ್ಲಿ ಯಾರೂ ಕರೆಯದ ಹಾಗೆ ಮಾಡುತ್ತೇನೆ ಎಂದರು.

“ಬಡದು ಮುಚ್ಚಿದ್ದೆರಿ ರಾಯರ. ನನ್ನ ಕೈಲೆ ಮುಚ್ಚೀನಿ” ಎಂದ ಪೀರಪ್ಪ.

“ಹಂಗಾರ ಬೆಕ್ಕು ಮುಚ್ಚಳ ತಗೀತೇನು? ಇಲ್ಲೇ ನಿಂದ್ರು. ಬಂದವರ ಮುಂದ ನೀನೇ ಹೇಳು.”

ಪೀರಪ್ಪ ಬಾಗಿಲಲ್ಲಿ ನಿಂತ. ವತ್ಸಲೆಗೆ ಅವನ ಕಡೆ ನೋಡಲಾಗಲಿಲ್ಲ. ಇನ್ನು ಒಂದೆರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಆಮೇಲೆ ತಂದೆಯ ಸಿಟ್ಟೂ ಇಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಕಮಲಾಪುರದವರು ಬಂದರು. ಮುಕುಂದ ಮತ್ತು ಅವನ ತಂದೆ ಕಟ್ಟೆಯ ಮೇಲೆ ರಾಯರ ಜೊತೆ ಕುಳಿತರು. ಮುಕ್ತಾಬಾಯಿ ಒಳಗೆ ಬಂದು, ಪಾರ್ವತೀಬಾಯಿಯ ಕೈಯಲ್ಲಿದ್ದ ಕತ್ತರಿಯನ್ನೂ ಹಗ್ಗದಂತೆ ಬಿರುಸಾಗಿದ್ದ ಜಡೆಯನ್ನೂ ನೋಡಿದರು. ಬೆಕ್ಕಿನ ಕತೆಯನ್ನು ಪೂರ್ತಿ ಕೇಳಿದರು. ಈಗ ಏಳುತ್ತಾರೆ ಎಂದು ವತ್ಸಲಾ ಕಾದಳು. ಅವರು ಎದ್ದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಕತ್ತರಿ ಒಳಗಿಡ್ರಿ. ನಮ್ಮ ಮುಕುಂದ ಸಣ್ಣಾಂವ ಇದ್ದಾಗ ಹುಮನಾಬಾದ ರಸ್ತಾಕ್ಕ ಡಾಂಬರ ಹಾಕಾಕತ್ತಿದ್ರು, ಡಬ್ಬದಾಗ ತಲಿ ಹಾಕಿ ಬಂದಿದ್ದ. ಅದನ್ನೇ ಬಿಡಿಸೀನಿ. ಕುಸಬಿ ಎಣ್ಣಿ ಬೆಚ್ಚಗ ಮಾಡ್ರಿ.”

ಕಟ್ಟೆಯ ಮೇಲೆ ಮುಕುಂದ ಕೆಮ್ಮಿದ.

ದ್ವಾದಶಿಗೂ ಎಣ್ಣೆ ನಿಷಿದ್ಧವಲ್ಲವೇ ಎಂದು ಪಾರ್ವತೀಬಾಯಿ ಅಂಜುತ್ತ ಕೇಳಿದರು. ಔಷಧಕ್ಕೆ ತಿಥಿ ಇಲ್ಲ, ನಿನ್ನೆಯೇ ಹಚ್ಚಬಹುದಿತ್ತು ಎಂದರು ಮುಕ್ತಾಬಾಯಿ. ಶಾಸ್ತ್ರಕ್ಕೆ ಇಷ್ಟು ಸುಲಭವಾದ ಹಿತ್ತಿಲ ಬಾಗಿಲು ಇದೆಯೆಂದು ವತ್ಸಲೆಗೆ ಯಾರೂ ಹೇಳಿರಲಿಲ್ಲ.

ಕಟ್ಟಿಗೆಯ ಮೇಲೆ ತೆಳ್ಳಗೆ ಹಚ್ಚಿದ್ದು ಒಂದು ರಾತ್ರಿಯಲ್ಲಿ ಒಣಗುತ್ತದೆ. ಜಡೆಯೊಳಗೆ ದಪ್ಪಗೆ ಕೂತದ್ದು ಮೇಲೆ ಮಾತ್ರ ಸಿಪ್ಪೆ ಕಟ್ಟಿ, ನಡುವೆ ಇನ್ನೂ ಅಂಟಂಟಾಗಿತ್ತು. ಮುಕ್ತಾಬಾಯಿ ಎಣ್ಣೆ ಸುರಿದು ಬೆರಳಿನಿಂದ ನಾದಿದರು, ಎಳೆ ಬಿಡಿಸಿದರು, ಹಳೆ ಧೋತರದ ತುಂಡಿನಿಂದ ಕೆಳಮುಖವಾಗಿ ಒರೆಸಿದರು, ಮತ್ತೆ ಎಣ್ಣೆ ಸುರಿದರು. ಕತ್ತು, ಕಿವಿಗಳನ್ನು ಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಉಜ್ಜಿದರು. ಆಮೇಲೆ ಕಡಲೆಹಿಟ್ಟು ತಿಕ್ಕಿದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಜಡೆ ಸತ್ತು ಬದುಕಿ ಬಂದಂತೆ ಅವಳ ಬೆನ್ನ ಮೇಲೆ ಬಿಚ್ಚಿಕೊಂಡು ಬಿದ್ದಿತು, ಮೊದಲಿಗಿಂತ ಹೆಚ್ಚು ಮಿರಿಮಿರಿ ಮಿಂಚುತ್ತ. ಪಾರ್ವತೀಬಾಯಿ ಕಣ್ಣೊರೆಸಿಕೊಂಡರು. ಹೊರಗೆ ರಾಯರು ಮುಹೂರ್ತದ ಮಾತು ತೆಗೆದರು. ಪೀರಪ್ಪ ಮಾತ್ರ ಇನ್ನೂ ಬಾಗಿಲಲ್ಲೇ ಇದ್ದ, ಅವನಿಗೆ ಹೋಗು ಎಂದು ಯಾರೂ ಹೇಳಿರಲಿಲ್ಲ.

ಮುಕ್ತಾಬಾಯಿ ಕೊನೆಯದಾಗಿ ಬೈತಲೆ ತೆಗೆಯಲು ವಾರ್ನಿಷ್ ತಲುಪದಿದ್ದ ನೆತ್ತಿಗೆ ಬಂದರು. ಬೆರಳುಗಳು ಅಲ್ಲಿ ನಿಂತವು. ಕೂದಲಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು, ಬಗ್ಗಿ ಮೂಸಿದರು. “ಬುಡದಾಗ ಒಂದು ಹನಿ ಜಿಡ್ಡಿಲ್ಲ. ಸೀಗೀಕಾಯಿ ಘಮಾ ಅನ್ನಾಕತ್ತದ. ನಿನ್ನೆ ಏಕಾದಶಿ ಇತ್ತಲ್ಲವಾ, ತಲಿ ಯಾಕ ಎರಕೊಂಡಿ?” ಎಂದು ಕೇಳಿದರು. ಪಾರ್ವತೀಬಾಯಿಯ ಕೈಯಲ್ಲಿದ್ದ ಎಣ್ಣೆಯ ಬೋಗುಣಿ ನಿಂತಲ್ಲೇ ನಿಂತಿತು. ಏಕಾದಶಿಯ ದಿನ ಎಣ್ಣೆ ಮುಟ್ಟದವರು ಸೀಗೆಕಾಯಿಯನ್ನೂ ಮುಟ್ಟುವುದಿಲ್ಲ, ಆ ಮನೆಯಲ್ಲಿ ಹುಟ್ಟಿದ ದಿನದಿಂದ ವತ್ಸಲೆಗೆ ಗೊತ್ತಿದ್ದ ನೇಮ. ಬೆಕ್ಕು, ಡಬ್ಬಿ, ಚಾಪೆ, ಪುಸ್ತಕ ಎಲ್ಲವನ್ನೂ ಹೊಂದಿಸಿದವಳು ನೇಮದ ಈ ಅರ್ಧವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಬಾಗಿಲಲ್ಲಿದ್ದ ಪೀರಪ್ಪನನ್ನು ನೋಡಿದಳು, ಆಮೇಲೆ ಮೊದಲ ಸಲ ತಿರುಗಿ ಮುಕ್ತಾಬಾಯಿಗೆ ತನ್ನ ಮುಖ ತೋರಿಸಿದಳು. “ವಾರ್ನಿಷ್ ಛಲೋ ಹತ್ತಲಿ ಅಂತ್ರೀ” ಅಂದಳು, ಕಟ್ಟೆಯ ಮೇಲಿದ್ದವರಿಗೂ ಕೇಳುವ ಹಾಗೆ.