ಹೆಸರು ಕದ್ದ ಬಿರುಗಣ್ಣ

ಬಹಳ ಬಹಳ ಹಿಂದೆ, ನಕ್ಷತ್ರಗಳು ಇನ್ನೂ ಕೈಗೆಟಕುವಷ್ಟು ಕೆಳಗಿದ್ದ ಕಾಲದಲ್ಲಿ, ಸಿರಿಹೊಳೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹಾಲಿಗೆ ಬರವಿರಲಿಲ್ಲ, ಹಣ್ಣಿಗೆ ಬರವಿರಲಿಲ್ಲ. ಹೆಣ್ಣುಮಕ್ಕಳ ಹೆಸರಿಗೆ ಮಾತ್ರ ಬರ.

ಅದಕ್ಕೆ ಕಾರಣ ಬಿರುಗಣ್ಣ ಎಂಬ ಮಾಂತ್ರಿಕ. ಮೂರು ಬೆಟ್ಟಗಳಾಚೆ ಅವನ ಕೋಟೆ. ಕೋಟೆಯಲ್ಲೊಂದು ಹಿತ್ತಾಳೆಯ ಪೆಟ್ಟಿಗೆ. ಯಾರಾದರೂ ಹೆಣ್ಣುಮಗುವಿನ ತೊಟ್ಟಿಲ ಬಳಿ 'ಸಂಪಿಗೆ' ಎನ್ನಲಿ, 'ಇಂಚರ' ಎನ್ನಲಿ, ಆ ಹೆಸರು ಚಿಟ್ಟೆಯಾಗಿ ಹಾರಿಹೋಗಿ ಪೆಟ್ಟಿಗೆ ಸೇರುತ್ತಿತ್ತು. ಮತ್ತೆ ಆ ಹೆಸರಿನಿಂದ ಮಗುವನ್ನು ಕರೆಯಲು ಹೋದರೆ ನಾಲಿಗೆ ಹೊರಳುತ್ತಿರಲಿಲ್ಲ. ಒರಟು ಹೆಸರುಗಳು ಮಾತ್ರ ಅವನಿಗೆ ಬೇಡ. ಹೀಗಾಗಿ ಮೂವತ್ತು ವರ್ಷಗಳಿಂದ ಜನ ಅಡುಗೆಮನೆಯ ಸಾಮಾನಿನ ಹೆಸರನ್ನೇ ಇಡುತ್ತಿದ್ದರು. ಬೀದಿಯಲ್ಲಿ ನಿಂತು "ಲೇ ಮೊರ!" ಎಂದರೆ ಹನ್ನೆರಡು ಹುಡುಗಿಯರು ತಿರುಗಿ ನೋಡುತ್ತಿದ್ದರು. ಯುವರಾಣಿಯ ಹೆಸರು ಸೌಟುದೇವಿ.

ಆ ರಾಜ್ಯದಲ್ಲಿ ಹೆಸರು ಇಟ್ಟರೆ ಅದರ ಗುಣವೂ ಅಂಟಿಕೊಳ್ಳುತ್ತಿತ್ತು. ಬುಟ್ಟಿ ಹೆಣೆಯುವ ಹೊನ್ನೂರನ ಅಕ್ಕ ಜರಡಿ. ಅವಳಿಗೆ ಹೇಳಿದ ಗುಟ್ಟು ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ. ಅವನ ಹೆಂಡತಿ ಒನಕೆ; ಮಾತಾಡಿದರೆ ಎದುರಿಗಿದ್ದವರ ತಲೆಯೇ ನುಗ್ಗಾಗುತ್ತಿತ್ತು. ಹೊನ್ನೂರನಿಗೆ ಅವಳ ಮೇಲೆ ಪ್ರಾಣ.

ಅವರಿಗೊಂದು ಹೆಣ್ಣುಮಗು ಹುಟ್ಟಿತು. ಮೂರನೆಯ ದಿನ ಜರಡಿ ಬಂದು ತೊಟ್ಟಿಲಿಗೆ ಬಗ್ಗಿದಳು.

"ಹನ್ನೆರಡನೇ ದಿನ ನಾಮಕರಣ. ಸೋದರತ್ತೆ ನಾನು, ಕಿವಿಯಲ್ಲಿ ಹೆಸರು ಹೇಳೋಳೂ ನಾನೇ. ಮೊರ, ಒನಕೆ ಎಲ್ಲ ಹಳೇದಾಯ್ತು. ಮುಸುರೆ ಅಂತ ಇನ್ನೂ ಯಾರೂ ಇಟ್ಟಿಲ್ಲ ನೋಡು."

"ಮುಸುರೆನಾ?" ಒನಕೆ ಎದ್ದು ಕೂತಳು. "ಹಿತ್ತಲಿಗೆ ಚೆಲ್ಲೋ ನೀರಿನ ಹೆಸರು ನನ್ನ ಮಗಳಿಗೆ? ನಾಳೆ ಯಾರಾದರೂ ಅವಳನ್ನೂ ಹಾಗೇ ಚೆಲ್ಲಿಬಿಟ್ಟರೆ?" ಗಂಡನ ಕಡೆ ತಿರುಗಿದಳು. "ನೋಡು ಮಾವ, ಆ ಬಿರುಗಣ್ಣನಿಂದ ಹೆಸರು ಬಿಡಿಸಿಕೊಂಡು ಬಾ. ಬರಿಗೈಲಿ ಬಂದರೆ ಹೊಸಿಲು ದಾಟಬೇಡ."

ಹೊನ್ನೂರ ಒಂದು ಬುಟ್ಟಿ ಬೆನ್ನಿಗೇರಿಸಿ ಹೊರಟ. ಮಾಂತ್ರಿಕನನ್ನು ಕೇಳುವುದಾದರೆ ಇಂಥದೇ ಹೆಸರು ಕೊಡು ಎಂದು ಕೇಳಬೇಕು ಎಂದುಕೊಂಡು, ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ನೋಡುತ್ತಾ ಯೋಚಿಸಿದ. ನಾಲ್ಕು ದಿನ ನಡೆದ ಮೇಲೆ ಮೊದಲ ಬೆಟ್ಟದ ಬುಡದಲ್ಲಿ ಹೊಳೆ. ಒಂದರ ಹಿಂದೊಂದು ತೆರೆ. 'ತೆರೆಸಾಲು! ಇದೇ ನನ್ನ ಮಗಳ ಹೆಸರು' ಎಂದು ಕುಣಿದ.

ಆಗ ನೀರು ಸೀಳಿಕೊಂಡು ತೆಂಗಿನಮರದುದ್ದದ ಮೊಸಳೆ ಎದ್ದಿತು.

"ಅಯ್ಯಯ್ಯೋ!" ಎಂದ ಹೊನ್ನೂರ.

"ಹೌದು, ನಾನೇ," ಎಂದಿತು ಮೊಸಳೆ. "ನನ್ನ ಹೆಸರು ನಿನಗೆ ಹೇಗೆ ಗೊತ್ತು?"

"ಅದು ಹೆಸರಲ್ಲ ಮಾರಾಯ್ತಿ, ಹೆದರಿಕೆ!"

ಮೊಸಳೆಯ ಕಣ್ಣಲ್ಲಿ ನೀರು ಬಂತು. "ಕಂಡವರೆಲ್ಲ ಹಾಗೇ ಕರೀತಾರಲ್ಲ, ಅದೇ ಹೆಸರು ಅಂದುಕೊಂಡಿದ್ದೆ. ನನಗೊಂದು ಹೆಸರು ಕೊಡು, ದಾಟಿಸ್ತೀನಿ. ಇಲ್ಲಾಂದ್ರೆ ನುಂಗ್ತೀನಿ."

ಹೊನ್ನೂರ ಅದರ ಬೆನ್ನು ನೋಡಿದ. ಏಣು ಏಣಾಗಿ, ಥೇಟು ತೆರೆಗಳ ಹಾಗೆ. ಹೊಟ್ಟೆ ಉರಿಯಿತು; ಆದರೂ ಹೇಳಿದ: "ತೆರೆಸಾಲು."

ಮೊಸಳೆ ಆ ಹೆಸರನ್ನು ಮೂರು ಸಲ ಹೇಳಿಕೊಂಡು, ನಾಚಿ, ಅವನನ್ನು ದಾಟಿಸಿತು.

ಮರುದಿನ ಬೆಳಿಗ್ಗೆ ಎರಡನೆಯ ಬೆಟ್ಟ. ಹುಲ್ಲಿನ ತುದಿತುದಿಗೂ ಹನಿ. 'ಹೋಗಲಿ, ಇಬ್ಬನಿ ಅಂತಿಡೋಣ, ಇನ್ನೂ ಚೆಂದ' ಎಂದುಕೊಳ್ಳುವಷ್ಟರಲ್ಲಿ ಆನೆಯಷ್ಟು ದೊಡ್ಡ ಮುಳ್ಳುಹಂದಿ ದಾರಿಗೆ ಅಡ್ಡ ನಿಂತಿತು.

"ನನಗೊಂದು ಹೆಸರು ಕೊಡು. ಇಲ್ಲಾಂದ್ರೆ ತಬ್ಬಿಕೊಳ್ತೀನಿ," ಎಂದಿತು.

ನುಂಗುವುದೇ ವಾಸಿ ಎನ್ನಿಸಿತು ಹೊನ್ನೂರನಿಗೆ. ನೋಡಿದರೆ, ಅದರ ಒಂದೊಂದು ಮುಳ್ಳಿನ ತುದಿಯಲ್ಲೂ ಒಂದೊಂದು ಹನಿ ಕೂತು ಹೊಳೆಯುತ್ತಿತ್ತು. ನಿಟ್ಟುಸಿರು ಬಿಟ್ಟು, "ನೀನು ಇಬ್ಬನಿ," ಎಂದ. ಮುಳ್ಳುಹಂದಿ ಸಂತೋಷದಿಂದ ಮೈ ಕೊಡವಿತು. ಹೊನ್ನೂರ ಪೂರ್ತಿ ನೆನೆದ.

ಮೂರನೆಯ ಬೆಟ್ಟ ಏರುವಾಗ ಹೊತ್ತು ಇಳಿಯುತ್ತಿತ್ತು. ಅರ್ಧ ಆಕಾಶ ಹೊನ್ನು, ಅರ್ಧ ಕಪ್ಪು. 'ಮುಸ್ಸಂಜೆ. ಇದನ್ನಂತೂ ಸತ್ತರೂ ಬಿಡಲ್ಲ' ಎಂದ. ಕೋಟೆಯ ಬಾಗಿಲಲ್ಲಿ ಎರಡು ತಲೆಯ ಹುಲಿ ಮಲಗಿತ್ತು.

"ಹೆಸರು ಕೊಡು," ಎಂದಿತು ಒಂದು ತಲೆ.

"ಒಂದೇ ಹೆಸರು, ಇಬ್ಬರಿಗೂ ಒಪ್ಪಬೇಕು," ಎಂದಿತು ಇನ್ನೊಂದು. "ಇಲ್ಲಾಂದ್ರೆ ನಿನ್ನನ್ನ ಎರಡು ಪಾಲು ಮಾಡ್ಕೊಳ್ತೀವಿ."

ಹೊನ್ನಿನ ಮೈ, ಕಪ್ಪು ಪಟ್ಟೆ. ಹೊನ್ನೂರ ಅಲ್ಲೇ ಕಲ್ಲಿನ ಮೇಲೆ ಕೂತು, "ಮುಸ್ಸಂಜೆ, ಮುಸ್ಸಂಜೆ, ತಗೊಂಡು ಹಾಳಾಗಿ ಹೋಗಿ!" ಎಂದು ಅತ್ತೇಬಿಟ್ಟ. ಎರಡು ತಲೆಗಳೂ ಹುಟ್ಟಿದ ಮೇಲೆ ಮೊದಲ ಸಲ ಒಂದೇ ಮಾತಿಗೆ ಒಪ್ಪಿದವು.

ಹಿಂತಿರುಗಿ ನೋಡಿದರೆ ತೆರೆಸಾಲು, ಇಬ್ಬನಿ ಎರಡೂ ಬಂದು ನಿಂತಿದ್ದವು. "ನಮ್ಮನ್ನ ಹೆಸರು ಹಿಡಿದು ಕರೆಯೋನು ನೀನೊಬ್ಬನೇ ಅಲ್ವಾ?" ಎಂದವು.

ನಾಲ್ಕೂ ಜೀವ ಒಳಗೆ ಹೋದವು. ಬಿರುಗಣ್ಣ ಪೆಟ್ಟಿಗೆಯ ಮುಂದೆ ಕೂತು ಒಂದೊಂದೇ ಚಿಟ್ಟೆಯನ್ನು ಹಿಡಿದು ನೋಡುತ್ತಿದ್ದ. "ಲಹರಿ... ಊಹೂಂ, ತೆಳ್ಳಗಾಯ್ತು. ಹೊಂಗಿರಣ... ಉದ್ದ. ತುಂತುರು... ಕರೆದರೆ ಉಗುಳು ಹಾರುತ್ತೆ. ರಗಳೆ... ಛಂದಸ್ಸೇನೋ ಹೌದು, ಆದರೆ ಜನ ಏನಂತಾರೆ!"

ಅವನ ಹಿಂದೆ ಕಬ್ಬಿಣದ ಸರಪಳಿಗೆ ಕಟ್ಟಿದ ದೊಡ್ಡ ತೊಟ್ಟಿಲು. ಅದರಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಮೂವತ್ತು ವರ್ಷದ ಹೆಂಗಸೊಬ್ಬಳು ಕೂತಿದ್ದಳು. ತಲೆಯಲ್ಲಿ ಒಂದೆರಡು ನರೆಗೂದಲು.

"ನೀವು ಯಾರು ತಾಯಿ?" ಎಂದ ಹೊನ್ನೂರ.

"ನಾನು ಪಾಪು," ಎಂದಳು ಅವಳು. "ಇವನ ಮಗಳು. ಲೋಕದಲ್ಲೇ ಬೇರೆ ಯಾರಿಗೂ ಇಲ್ಲದಂಥ ಹೆಸರು ಸಿಕ್ಕೋವರೆಗೂ ನಾಮಕರಣ ಇಲ್ಲ. ನಾಮಕರಣ ಆಗೋವರೆಗೂ ತೊಟ್ಟಿಲಿಂದ ಇಳಿಯೋ ಹಾಗಿಲ್ಲ. ಬೆನ್ನು ಬಿದ್ದುಹೋಗಿದೆ ಅಣ್ಣಾ."

ಬಿರುಗಣ್ಣ ಎದ್ದು ಗುಡುಗಿದ. "ಯಾವನೋ ನೀನು? ಈಗಲೇ ನಿನ್ನನ್ನ ಒಲೆಗೂದೋ ಕೊಳವೆ ಮಾಡ್ತೀನಿ! ಓಂ ಹ್ರಾಂ..."

"ಅಪ್ಪ, ಬಾಯಿ ಮುಚ್ಚು," ಎಂದಳು ಪಾಪು. ಮಾಂತ್ರಿಕ ಬಾಯಿ ಮುಚ್ಚಿದ.

ಹೊನ್ನೂರನಿಗೆ ಧೈರ್ಯ ಬಂತು. "ಯಜಮಾನ್ರೇ, ನಾನೂ ಹೆಣ್ಣುಮಗುವಿನ ಅಪ್ಪನೇ. ಒಂದು ವಾರಕ್ಕೇ ನನ್ನ ತಲೆ ಕೆಟ್ಟುಹೋಗಿದೆ, ನಿಮ್ಮದು ಮೂವತ್ತು ವರ್ಷ. ಆದರೆ ಒಂದು ಮಾತು. ಏನು ಹೆಸರು ಬೇಕು ಅಂತ ಇವರನ್ನ ಯಾವತ್ತಾದರೂ ಕೇಳಿದ್ದೀರಾ?"

ಬಿರುಗಣ್ಣ ತಲೆ ಕೆರೆದುಕೊಂಡ. ಕೇಳಿರಲಿಲ್ಲ.

ಪಾಪು ಕಿಟಕಿಯ ಕಡೆ ನೋಡಿದಳು. "ಹೊರಗೊಂದು ಬೂರುಗದ ಮರ ಇದೆ. ಕಾಯಿ ಒಡೆದಾಗ ಅರಳೆ ಹಾರಿಕೊಂಡು ಹೋಗುತ್ತೆ. ಬೆಳ್ಳಗೆ, ಹಗುರವಾಗಿ, ಎಲ್ಲಿಗೆ ಬೇಕಾದರೂ ಹೋಗುತ್ತೆ. ನನಗೆ ಅರಳೆ ಅಂತ ಹೆಸರಿಡಿ."

"ಅಷ್ಟೇನಾ?" ಎಂದ ಬಿರುಗಣ್ಣ ಸಣ್ಣ ದನಿಯಲ್ಲಿ.

ಸೋದರತ್ತೆ ಇರಲಿಲ್ಲ. ಹೊನ್ನೂರನೇ ಬಗ್ಗಿ ಅವಳ ಕಿವಿಯಲ್ಲಿ "ಅರಳೆ, ಕುರ್ರ್" ಎಂದ. ಕಿವಿಯಲ್ಲಿ ಹೆಸರು ಹೇಳಿದವರ ಬೆನ್ನಿಗೆ ಗುದ್ದುವುದು ಪದ್ಧತಿ. ಮೊಸಳೆ ಗುದ್ದಿತು, ಹುಲಿ ಗುದ್ದಿತು. ಮುಳ್ಳುಹಂದಿ ಮುಂದೆ ಬಂದಾಗ ಹೊನ್ನೂರ ಕೈಮುಗಿದು ಬೇಡಿಕೊಂಡ.

ಅರಳೆ ತೊಟ್ಟಿಲಿಂದ ನೆಲಕ್ಕೆ ಕಾಲಿಟ್ಟಳು. ಸರಪಳಿ ಕಳಚಿ ಬಿತ್ತು. ಮಗಳ ಹೆಸರಿಗಾಗಿ ಕಟ್ಟಿದ ಮಂತ್ರ ಮಗಳಿಗೆ ಹೆಸರು ಸಿಕ್ಕಿದೊಡನೆ ಸತ್ತಿತು. ಪೆಟ್ಟಿಗೆಯ ಮುಚ್ಚಳ ಹಾರಿ ಸಾವಿರ ಸಾವಿರ ಚಿಟ್ಟೆಗಳು ಸಿರಿಹೊಳೆಯತ್ತ ಹೊರಟವು. ಅವಳು ಅಪ್ಪನ ಕೈಯಿಂದ ಮಂತ್ರದಂಡ ಕಿತ್ತು ಒಲೆಗೆ ಹಾಕಿ, "ಇನ್ನು ಮೇಲೆ ಊರೂರಿಗೆ ಹೋಗಿ ಮಕ್ಕಳ ತೊಟ್ಟಿಲು ತೂಗು. ಸಂಬಳ ಇಲ್ಲ," ಎಂದಳು. ಆಮೇಲೆ ಲೋಕ ನೋಡಲು ನಡೆದೇ ಹೊರಟುಹೋದಳು.

ಹುಲಿಯ ಬೆನ್ನೇರಿ ಹೊನ್ನೂರ ಹನ್ನೆರಡನೆಯ ದಿನ ಮನೆ ಸೇರಿದ. ಊರು ಗದ್ದಲವೋ ಗದ್ದಲ. ಅವರವರ ಹೆಸರು ಅವರವರಿಗೆ ಮರಳಿತ್ತು. ಜರಡಿ ಈಗ ಮಂದಾನಿಲೆ. ಗುಟ್ಟು ಮಾತ್ರ ಇನ್ನೂ ನಿಲ್ಲುತ್ತಿರಲಿಲ್ಲ, ಅಭ್ಯಾಸವಾಗಿತ್ತು. ಒನಕೆ ಈಗ ಬೆಳದಿಂಗಳು.

"ಹೆಸರು ತಂದೆಯಾ?" ಎಂದಳು ಬೆಳದಿಂಗಳು ಹೊಸಿಲಲ್ಲೇ ನಿಂತು.

ಹೊನ್ನೂರ ತಲೆ ತಗ್ಗಿಸಿದ. "ಮೂರು ಹೆಸರು ಹೊಳೆದಿತ್ತು. ಮೂರನ್ನೂ ದಾರಿಯಲ್ಲಿ ಕೊಟ್ಟುಬಿಟ್ಟೆ. ನನ್ನ ಕೈ ಖಾಲಿ."

ಅವಳು ಬೈಯಲಿಲ್ಲ. ಮಗುವನ್ನು ಅವನ ಕೈಗಿಟ್ಟಳು. "ನೀನು ಹೋದ ಮೇಲೆ ಭಯ ಆಗ್ತಿತ್ತು ಮಾವ. ಹಾಡು ಹೇಳ್ಕೊಂಡು ಕೂರ್ತಿದ್ದೆ. ಇವಳು ಕಣ್ಣು ಬಿಟ್ಟುಕೊಂಡು ಕೇಳ್ತಿದ್ದಳು. ಇವಳೊಬ್ಬಳೇ ಜೊತೆ. ಸಾಂಗತ್ಯ ಅಂದರೆ ಹಾಡಿನ ಒಂದು ಬಗೆ ಅಂತೆ, ಜೊತೆ ಅಂತಲೂ ಅಂತೆ. ಆ ಹೆಸರು ಇಡೋಣ್ವಾ?"

ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೇಳಿದಳು. ಎಲ್ಲರೂ ಉಸಿರು ಬಿಗಿಹಿಡಿದು ಮಾಡಿನ ಕಡೆ ನೋಡಿದರು. ಯಾವ ಚಿಟ್ಟೆಯೂ ಹಾರಲಿಲ್ಲ. "ಸಾಂಗತ್ಯಾ," ಎಂದ ಹೊನ್ನೂರ. ಮಗು ಅವನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹೆಂಗಸರೆಲ್ಲ ಸೇರಿ ಸೋದರತ್ತೆಯ ಬೆನ್ನಿಗೆ ಗುದ್ದಿದ ಗುದ್ದಿಗೆ ಮೂರು ಬೆಟ್ಟದಾಚೆಗೂ ಸದ್ದು ಕೇಳಿಸಿತಂತೆ. ಅಂದಿನಿಂದ ಸಿರಿಹೊಳೆಯಲ್ಲಿ ಕರೆಯುವವರ ಬಾಯಿಯೂ ಓಗೊಡುವವರ ಕಿವಿಯೂ ತಂಪಾಗಿದ್ದವು.